ಕಂಚಿನ ಮೋಟಾರಿಗೆ ಇಟ್ಟ ಹೆಸರು

ಮೂಡಲಗಿಯ ಮಹಾದೇವಕ್ಕ ಐವತ್ತೈದು ವರ್ಷ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಾಳಿದ್ದಳು. ಕೊಲೆಯಲ್ಲ, ಕಳವಲ್ಲ, ಯಾರ ಸಂಸಾರವನ್ನೂ ಮುರಿದ ಸುದ್ದಿಯಲ್ಲ. ಅವಳ ತವರಿನ ಹೆಸರು ಮೋಟಾರವ್ವ, ಅಷ್ಟೇ.

ನಗಬೇಡಿ. ನಕ್ಕವರನ್ನು ಅವಳು ಬೇಕಾದಷ್ಟು ಕಂಡಿದ್ದಾಳೆ. ಬೆಲ್ಲದ ಬಾಗೇವಾಡಿಯ ಶಾಲೆಯಲ್ಲಿ ಮಾಸ್ತರರು ಹಾಜರಿ ಕರೆಯುತ್ತ ಅವಳ ಹೆಸರಿಗೆ ಬಂದರೆ ಸಾಕು, ಹಿಂದಿನ ಸಾಲಿನಿಂದ ‘ಪೋಂ ಪೋಂ’ ಎಂದು ಹಾರ್ನು ಕೇಳುತ್ತಿತ್ತು. ಬಾವಿಗೆ ಹೋದರೆ ಗೆಳತಿಯರು ‘ಬಾಜೂಕ ಸರೀರಿ, ಮೋಟಾರ ಬಂತು’ ಎನ್ನುತ್ತಿದ್ದರು. ಮುಂಜಾನೆ ಏಳಲು ತಡವಾದರೆ ನೆರೆಯವರು ‘ಹ್ಯಾಂಡಲ್ ಹಾಕಿ ತಿರುವ್ರಿ’ ಎನ್ನುತ್ತಿದ್ದರು. ಹುಟ್ಟಿದ್ದು ಮೋಟಾರಿನಲ್ಲಿ, ಅದಕ್ಕೆ ಆ ಹೆಸರು ಎಂದಷ್ಟೇ ಅವಳಿಗೆ ಗೊತ್ತು. ಹೆಸರಿಟ್ಟ ತಾಯಿ ಶೆಟ್ಟೆವ್ವ ಅವಳ ಮೂರನೆಯ ವರ್ಷಕ್ಕೇ ತೀರಿಹೋಗಿದ್ದಳು. ಸಾಕಿದ ಅಜ್ಜಿಯನ್ನು ಕೇಳಿದರೆ ‘ನಿಮ್ಮವ್ವನ ಹುಚ್ಚು’ ಎಂದು ಮಾತು ತಿರುಗಿಸುತ್ತಿದ್ದಳು.

ನಮ್ಮ ಕಡೆ ಲಗ್ನದಲ್ಲಿ ಗಂಡನ ಮನೆಯವರು ಸೊಸೆಗೆ ಬೇರೆ ಹೆಸರಿಡುವ ಪದ್ಧತಿಯಿದೆ. ಎಷ್ಟೋ ಹುಡುಗಿಯರು ಹುಟ್ಟಿದ ಹೆಸರು ಹೋಯಿತೆಂದು ಅಳುತ್ತಾರೆ. ಮೋಟಾರವ್ವ ಮಾತ್ರ, ಮೂಡಲಗಿಯ ಹಂದರದಲ್ಲಿ ‘ಇನ್ನ ಮ್ಯಾಲ ಮಹಾದೇವಿ’ ಎಂದು ಸಾರಿದಾಗ ತಲೆತಗ್ಗಿಸಿಕೊಂಡೇ ಒಳಗೊಳಗೆ ಕುಣಿದಳು. ಗಂಡ ವೀರಪ್ಪನಿಗೆ ಹಳೆಯ ಹೆಸರು ಗೊತ್ತಿತ್ತು. ಒಳ್ಳೆಯ ಮನುಷ್ಯ, ಎಷ್ಟು ಜಗಳವಾದರೂ ಒಂದು ಸಲವೂ ಅದನ್ನು ಬಾಯಿಗೆ ತರಲಿಲ್ಲ. ಅವನು ಹೋದ ಮೇಲೆ ಆ ಊರಿನಲ್ಲಿ ಆ ಹೆಸರು ಅವಳೊಬ್ಬಳಿಗೇ ಉಳಿಯಿತು. ಮಗ ಶಿವಕುಮಾರನಿಗೂ ಗೊತ್ತಿಲ್ಲ, ಹೈಸ್ಕೂಲಿನಲ್ಲಿ ಕಲಿಸುವ ಸೊಸೆ ದಾಕ್ಷಾಯಿಣಿಗಂತೂ ಗೊತ್ತೇ ಇಲ್ಲ. ಸೊಸೆಯ ಎದುರು ನಗೆಪಾಟಲಾಗುವುದೆಂದರೆ ಮಹಾದೇವಕ್ಕನಿಗೆ ಜ್ವರಕ್ಕಿಂತ ಹೆಚ್ಚಿನ ಹೆದರಿಕೆ.

ಹೋದ ವರ್ಷ ಆಷಾಢದಲ್ಲಿ ಒಂದು ದಿನ ಅವಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಓಣಿಯ ತುದಿಯಲ್ಲಿ ಪ್ಯಾಂಟು ಶರ್ಟಿನ ಒಬ್ಬ ಗೃಹಸ್ಥ ನಿಂತು ಪಕ್ಕದ ಮನೆಯ ಅಕ್ಕವ್ವನನ್ನು ಕೇಳಿದ.

‘ಇಲ್ಲಿ ಮೋಟಾರವ್ವ ಅನ್ನಾವ್ರ ಮನಿ ಯಾವುದ್ರಿ?’

‘ಮೋಟಾರ ರಿಪೇರಿ ಮಾಡಾವ್ರೇನ್ರಿ? ಬಸ್ ಸ್ಟ್ಯಾಂಡ್ ಕಡೆ ನೋಡ್ರಿ,’ ಎಂದಳು ಅಕ್ಕವ್ವ.

ಮಹಾದೇವಕ್ಕ ತಟ್ಟನೆ ಎದ್ದಳು. ಮೊರ ಎತ್ತಿಕೊಂಡು ಒಳಗೆ ಹೋದಳು, ಹಿತ್ತಿಲ ಬಾಗಿಲಿನಿಂದ ಹೊರಬಿದ್ದಳು, ಎಪ್ಪತ್ತೆರಡರ ಮೊಣಕಾಲು ಹೇಳಿದ್ದನ್ನು ಕೇಳದೆ ಸರಸರ ನಡೆದು ಹಿಟ್ಟಿನ ಗಿರಣಿಯ ಮುಂದೆ ಅವನನ್ನು ಹಿಡಿದಳು. ಗಿರಣಿಯ ಸದ್ದಿನಲ್ಲಿ ಮಾತು ಮುಳುಗಲಿ ಎಂಬುದು ಅವಳ ಲೆಕ್ಕ. ಆದರೆ ಆ ಸದ್ದಿನಲ್ಲಿ ಮಾತು ಕೇಳಬೇಕಾದರೆ ಒದರಲೇಬೇಕಲ್ಲ.

‘ಮೋಟಾರವ್ವ ನೀವೇನ್ರೀ?’ ಎಂದು ಅವನು ಗಂಟಲು ಹರಿಯುವಂತೆ ಕೂಗಿದ.

‘ಮೆಲ್ಲಕ! ಮೆಲ್ಲಕ ಮಾತಾಡ್ರಿ!’ ಎಂದು ಇವಳೂ ಕೂಗಿದಳು.

ಅವನು ಅರಿಹಂತ, ಬಾಗೇವಾಡಿಯ ಬೆಲ್ಲದ ವ್ಯಾಪಾರಿ ಬಾಬಾಸಾಹೇಬರ ಮೊಮ್ಮಗ. ಬಾಬಾಸಾಹೇಬರು ಎಂದೋ ಒಂದು ಪರದೇಶಿ ಮೋಟಾರು ಕೊಂಡಿದ್ದರು. ಕರಿ ಬಣ್ಣ, ಮಡಚುವ ಕ್ಯಾನ್ವಾಸಿನ ಮಾಡು, ಬದಿಗೆ ರಬ್ಬರ್ ಬುಡ್ಡಿಯ ಹಾರ್ನು. ಕೊಂಡದ್ದು ದೌಲತ್ತಿಗೆ ಎಂಬುದರಲ್ಲಿ ಸುಳ್ಳಿಲ್ಲ. ಆದರೆ ತಂದ ವಾರದಲ್ಲೇ ಯಾರೋ ಒಬ್ಬ ರೈತ ಓಡಿಬಂದು, ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಗೋಕಾಕದ ದವಾಖಾನೆಗೆ ಮುಟ್ಟಿಸಿರಿ ಎಂದು ಕೈಮುಗಿದ. ಅಂದಿನಿಂದ ಆ ಮೋಟಾರು ಅವರ ಕೈಗೆ ಸಿಕ್ಕಿದ್ದೇ ಅಪರೂಪ. ಸುತ್ತಲಿನ ಹಳ್ಳಿಗಳ ಬಸುರಿಯರನ್ನು, ಹಾವು ಕಡಿದವರನ್ನು ಹೊತ್ತು ಇಪ್ಪತ್ತು ವರ್ಷ ಓಡಾಡಿತು. ಮಾಲೀಕರು ಹುಕ್ಕೇರಿಯ ಸಂತೆಗೆ ಚಕ್ಕಡಿಯಲ್ಲಿ ಹೋಗುತ್ತಿದ್ದರು. ಮೋಟಾರು ಎಲ್ಲಿ ಎಂದು ಯಾರಾದರೂ ಕೇಳಿದರೆ ‘ಬಾಣಂತನಕ್ಕ ಹೋಗೇತಿ’ ಎನ್ನುತ್ತಿದ್ದರು.

ಈಗ ಊರವರೆಲ್ಲ ಕೂಡಿ ಆ ಮೋಟಾರಿನ ಕಂಚಿನ ಮೂರ್ತಿ ಮಾಡಿಸುತ್ತಿದ್ದರು. ಅಳತೆ ಅಸಲಿನಷ್ಟೇ. ಹಿಂದಿನ ಬಾಗಿಲು ತೆರೆದು ಹಿಡಿದ ಬಾಬಾಸಾಹೇಬರು, ಸ್ಟೇರಿಂಗಿನ ಮುಂದೆ ಡ್ರೈವರ್ ಯಲ್ಲಾರಿ. ಹಿಂದಿನ ಸೀಟು ಖಾಲಿ.

‘ಮುಂದ ಒಂದು ಕಲ್ಲು ನಿಂದ್ರಸ್ತೇವ್ರಿ ಅವ್ವಾರ,’ ಎಂದ ಅರಿಹಂತ. ‘ಈ ಮೋಟಾರಿನಲ್ಲಿ ಹುಟ್ಟಿದ ಮೊದಲ ಕೂಸು ಮೋಟಾರವ್ವ ಅಂತ ಕೆತ್ತಸೂದೈತಿ. ಯಲ್ಲಾರಿ ಮುತ್ಯಾನ ನಿಮ್ಮ ಪತ್ತೆ ಕೊಟ್ಟ.’

‘ಆ ಹೆಸರ ಬ್ಯಾಡ.’

‘ಮತ್ತ ಗಂಡನ ಮನಿ ಹೆಸರ ಹಾಕಸೂಣೇನ್ರಿ?’

‘ಅದೂ ಬ್ಯಾಡ. ಮಹಾದೇವಿ ಮೋಟಾರಿನ್ಯಾಗ ಹುಟ್ಟಿಲ್ಲ,’ ಎಂದಳು ಅವಳು. ‘ನನ್ನ ಸುದ್ದೀನ ಬ್ಯಾಡ್ರಿ. ನಿಮಗ ಪುಣ್ಯಾ ಬರತೈತಿ.’

ಅರಿಹಂತ ಮರ್ಯಾದಸ್ಥ, ಒತ್ತಾಯ ಮಾಡಲಿಲ್ಲ. ಹೋಗುವಾಗ ಮಾತ್ರ, ‘ಗಾಡಿ ನಂಬರರೆ ನೆನಪೈತೇನ್ರಿ? ಇರೂದು ಒಂದ ಫೋಟೋ, ಅದು ದಸರಾದ ಖಂಡೇಪೂಜಿ ದಿನದ್ದು. ನಂಬರ್ ಪ್ಲೇಟಿನ ಮ್ಯಾಲ ಚೆಂಡುಹೂವಿನ ಮಾಲಿ ಬಂದೈತಿ,’ ಎಂದು ಕೇಳಿದ. ಹುಟ್ಟುವ ಕೂಸು ನಂಬರು ಓದಿಕೊಂಡು ಹುಟ್ಟುತ್ತದೆಯೇ? ಮಹಾದೇವಕ್ಕ ಅಂದು ಮೊದಲ ಸಲ ನಕ್ಕಳು, ಗುಟ್ಟು ಉಳಿಯಿತೆಂದು ಹಗುರಾಗಿ ಮನೆಗೆ ಬಂದಳು.

ಶ್ರಾವಣ ಬಂತು, ಪಂಚಮಿ ಬಂತು. ಪಂಚಮಿಗೆ ತವರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರಬೇಕು. ಮೋಟಾರವ್ವನಿಗೆ ಒಡಹುಟ್ಟಿದವರಿಲ್ಲ. ಅವಳ ಮೊದಲ ಪಂಚಮಿಗೆ ಕೈಚೀಲದಲ್ಲಿ ಉಂಡಿ ಕಟ್ಟಿಕೊಂಡು ಮೂಡಲಗಿಯ ಬಾಗಿಲಿಗೆ ಬಂದು ನಿಂತವನು ಯಲ್ಲಾರಿ. ರಕ್ತಸಂಬಂಧವಲ್ಲ, ಜಾತಿಯೂ ಬೇರೆ. ‘ನನ್ನ ಗಾಡ್ಯಾಗ ಹುಟ್ಟಿದಾಕಿ, ನಾ ಕರಿಯಾಕ ಬರದ ಇನ್ಯಾರು ಬರಬೇಕು?’ ಎಂದಿದ್ದ. ಮರುವರ್ಷವೂ ಬಂದ. ಹಾಗೆ ನಲವತ್ತೇಳು ವರ್ಷ ಒಂದೂ ತಪ್ಪಿಸಲಿಲ್ಲ. ಅವಳು ಅವನೊಂದಿಗೆ ಒಂದು ಕರಾರು ಮಾಡಿಕೊಂಡಿದ್ದಳು. ಮೂಡಲಗಿಯಲ್ಲಿ ‘ಮಗಳ’ ಎನ್ನಬೇಕು, ಹೆಸರು ಎತ್ತಕೂಡದು. ಅವನು ತುಟಿ ಬಿಗಿಹಿಡಿದು ಬಸ್ಸಿನಲ್ಲಿ ಕೂರುತ್ತಿದ್ದ. ಗೋಕಾಕ ದಾಟಿ, ಘಟಪ್ರಭೆಯ ನೀರು ಕಂಡು, ಧುಪದಾಳ ಹಿಂದಾದ ಕೂಡಲೇ ಉಸಿರು ಬಿಟ್ಟು, ‘ಹಾಂ, ಇನ್ನ ನೀ ಮೋಟಾರವ್ವ,’ ಎನ್ನುತ್ತಿದ್ದ. ಊರು ಮುಟ್ಟುವವರೆಗೆ ಮಾತುಮಾತಿಗೆ ಆ ಹೆಸರು. ವರ್ಷದ ಬಾಕಿಯನ್ನೆಲ್ಲ ಅಂದೇ ತೀರಿಸುವವನಂತೆ ಕರೆಯುತ್ತಿದ್ದ. ಅವಳು ಬೇಸರ ಮಾಡಿಕೊಂಡವಳಂತೆ ಮುಖ ತಿರುಗಿಸುತ್ತಿದ್ದಳು.

ಅವನಿಗೆ ಕಾಲು ಸೋತ ಮೇಲೆ ಅವಳೇ ಹೋಗಿ ಬರುತ್ತಿದ್ದಳು. ಹೋದ ವರ್ಷವೂ ಹೋದಳು. ತೊಂಬತ್ತನಾಲ್ಕರ ಯಲ್ಲಾರಿ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಕಣ್ಣು ಮಂದವಾಗಿದ್ದವು.

‘ಯಾರದು?’

‘ನಾ, ಕಾಕಾ. ಮೂಡಲಗಿ ಮಹಾದೇವಿ.’ ದಾರಿಯುದ್ದಕ್ಕೂ ಅದೇ ಹೆಸರಿನಲ್ಲಿ ಬಂದಿದ್ದಳು, ಅದೇ ಬಾಯಿಗೆ ಬಂತು.

‘ಯಾ ಮಹಾದೇವಿ? ಮೂಡಲಗ್ಯಾಗ ನನಗ ಮೋಟಾರವ್ವ ಒಬ್ಬಾಕೀನ ಗೊತ್ತು.’

ಚೇಷ್ಟೆಯೋ ಮರೆವೋ ತಿಳಿಯಲಿಲ್ಲ. ಅವಳು ಚೀಲವನ್ನು ಹೊರಸಿನ ಅಂಚಿಗಿಟ್ಟಳು, ಅವನು ಇತ್ತ ತಿರುಗಲಿಲ್ಲ. ಕೊನೆಗೆ ಅವಳೇ ಸೋತು, ಐವತ್ತೈದು ವರ್ಷದಲ್ಲಿ ಮೊದಲ ಸಲ ತನ್ನ ಬಾಯಿಂದ ಹೇಳಿದಳು.

‘ನಾ ಕಾಕಾ, ಮೋಟಾರವ್ವ.’

‘ಹಂಗನ್ನು,’ ಎಂದು ಅವನು ಇತ್ತ ಹೊರಳಿದ. ಮುಖದ ತುಂಬ ನಗೆಯಿತ್ತು. ‘ಕಲ್ಲಿನ ಮ್ಯಾಲ ಹೆಸರ ಬ್ಯಾಡಂದೆಂತ? ಅರಿಹಂತ ಹೇಳಿದ. ನಿಮ್ಮವ್ವ ಇಟ್ಟ ಹೆಸರಂದ್ರ ಅಷ್ಟ ಸಸಾರ ಆತೇನ ನಿನಗ?’

‘ಎಲ್ಲಾರೂ ನಗತಾರ ಕಾಕಾ. ಯಾರರೆ ಮೋಟಾರಿನ ಹೆಸರ ಕೂಸಿಗಿ ಇಡತಾರೇನು?’

ಯಲ್ಲಾರಿ ಗೋಡೆ ಹಿಡಿದು ಎದ್ದು ಕೂತ. ‘ನಿಮ್ಮಜ್ಜಿ ನಿನಗ ಏನೂ ಹೇಳಿಲ್ಲ?’ ಎಂದು ಕೇಳಿದ. ಇಲ್ಲವೆಂದು ಅವಳು ತಲೆಯಾಡಿಸಿದಳು. ಆಮೇಲೆ ಅವನು ಹೇಳಿದ್ದು ಇದು.

‘ನಿನಕಿಂತ ಮೊದಲ ನಿಮ್ಮವ್ವಗ ಮೂರು ಹಡದಿದ್ವು, ಒಂದೂ ಉಳೀಲಿಲ್ಲ. ನಿನ್ನ ಸರತಿಗಿ ಬ್ಯಾನಿ ಎದ್ದಾಗ ಸಾವಕಾರ್ರು ಮೋಟಾರ ಕೊಟ್ರು. ಹಿಂದ ನಿಮ್ಮವ್ವ, ನಿಮ್ಮಜ್ಜಿ. ಧುಪದಾಳದ ನೀರಿನ ಕಟ್ಟಿ ಹತ್ರ ಇಂಜಿನ್ ಕಾದು ನಿಂತ ಬಿಟ್ತು. ನಾ ಮುಂದ ಹ್ಯಾಂಡಲ್ ಹಾಕಿ ತಿರುವಾಕತ್ತೇನಿ, ಹಿಂದ ನೀ ಹುಟ್ಟಿಬಿಟ್ಟಿ. ಖರೆ, ಅಳಾಕ ಒಲ್ಲಿ. ಮೈಯೆಲ್ಲಾ ನೀಲಿ. ನಿಮ್ಮಜ್ಜಿ “ಇದೂ ಹೋತು” ಅಂತ ಸೆರಗ ಬಾಯಿಗಿ ಇಟ್ಕೊಂಡ್ಲು. ನಾ ಏನ ಮಾಡ್ಲಿ? ಕಟ್ಟಿ ಮ್ಯಾಲ ನೀರಾವರಿಯವ್ರು ಯಾರರೆ ಇದ್ರ ಓಡಿ ಬರಲಿ ಅಂತ ಹಾರ್ನಿನ ಬುಡ್ಡಿ ಹಿಚುಕಿದೆ. ಪೋಂ ಅಂತು. ಆ ಸಪ್ಪಳಕ್ಕ ನೀ ಬೆಚ್ಚಿ ಬಿದ್ದು ಚಿಟ್ಟನ ಚೀರಿದಿ.’

ಅವನಿಗೆ ದಮ್ಮು ಬಂತು. ನೀರು ಕುಡಿಸಿದಳು. 

‘ನಿಮ್ಮವ್ವ ಆಗ ಅಂದ್ಲು, “ಮೋಟಾರ ಕರೀತು, ನನ್ನ ಮಗಳು ಓ ಅಂದ್ಲು. ಇನ್ನ ಈಕೀನ ಅದ ಹೆಸರಲೇ ಕರೀರಿ. ಬ್ಯಾರೆ ಹೆಸರಲೇ ಕರದ್ರ ತಿರುಗಿ ಹೊಕ್ಕಾಳ” ಅಂತ. ನಿಮ್ಮಜ್ಜಿ ಹ್ಯಾಂಗ ಹೇಳ್ಯಾಳು ಇದನ್ನ? ಹೋತು ಅಂದಾಕಿ ಆಕೀನ ಅಲ್ಲೇನು?’

ಮಹಾದೇವಕ್ಕ ಅತ್ತಳು. ಎಪ್ಪತ್ತೆರಡು ವರ್ಷ ತಾನು ಗೇಲಿ ಎಂದುಕೊಂಡದ್ದು ಅವ್ವನ ಹರಕೆಯಾಗಿತ್ತು. ಅದನ್ನು ತಾನು ಲಗ್ನದ ಹಂದರದಲ್ಲಿ ನಗುನಗುತ್ತ ಬಿಟ್ಟುಕೊಟ್ಟು ಬಂದಿದ್ದಳು.

‘ಕಾಕಾ,’ ಎಂದಳು, ‘ಒಮ್ಮೆ ಕರಿ.’

‘ಮೋಟಾರವ್ವಾ.’

‘ಓ.’

‘ಮೋಟಾರವ್ವಾ.’

‘ಓ,’ ಎಂದಳು ಮತ್ತೆ. ಈ ಸಲ ಮುಖ ತಿರುಗಿಸಲಿಲ್ಲ.

ಗಣಪತಿ ಹಬ್ಬ ಮುಗಿದ ವಾರದಲ್ಲಿ ಯಲ್ಲಾರಿ ಹೋದ. ಮಣ್ಣು ಮುಗಿಸಿ ಮೂಡಲಗಿಗೆ ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮಹಾದೇವಕ್ಕನಿಗೆ ಧುಪದಾಳದ ನೀರು ಕಂಡಾಗ ಒಂದು ಮಾತು ಹೊಳೆಯಿತು. ಇನ್ನು ಆ ಹೆಸರಿನಿಂದ ಕರೆಯುವವರು ಭೂಮಿಯ ಮೇಲೆ ಒಬ್ಬರೂ ಇಲ್ಲ. ಅವ್ವ ಇಟ್ಟದ್ದು, ಅಜ್ಜಿ ಮುಚ್ಚಿದ್ದು, ಗಂಡ ಕಾಪಾಡಿದ್ದು, ಕಾಕಾ ಕರೆದದ್ದು, ಎಲ್ಲ ಮುಗಿಯಿತು. ತಾನು ಬದುಕಿರುವಾಗಲೇ ಮೋಟಾರವ್ವ ಸತ್ತಿದ್ದಾಳೆ, ಅವಳನ್ನು ಸಾಯಿಸಿದ್ದರಲ್ಲಿ ತನ್ನ ಪಾಲೇ ದೊಡ್ಡದು. ಮನೆಗೆ ಬಂದವಳೇ ಅರಿಹಂತನಿಗೆ ಫೋನು ಹಚ್ಚಿದಳು.

‘ಆ ಕಲ್ಲಿನ ಮ್ಯಾಲ ನನ್ನ ಹೆಸರ ಹಾಕ್ರಿ. ಹಳೀ ಹೆಸರ.’

‘ಅಯ್ಯ ಅವ್ವಾರ,’ ಎಂದ ಅವನು ಸಂಕಟದಿಂದ, ‘ಕಲ್ಲು ಕೆತ್ತಿ ಮುಗದೈತಲ್ರಿ. ಒಂದಕ್ಷರ ಬರಿಯಾಕ ಜಾಗಾ ಇಲ್ಲ. ನೀವ ಬ್ಯಾಡಂದ್ರಿ.’

‘ಖರೆ, ನಾನ ಬ್ಯಾಡಂದೆ,’ ಎಂದು ಅವಳು ಫೋನು ಇಟ್ಟಳು. ಬೈಯಲು ಬೇರೆ ಯಾರಾದರೂ ಸಿಕ್ಕಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮೂರ್ತಿಯ ಪರದೆ ತೆಗೆದದ್ದು ಖಂಡೇಪೂಜೆಯ ದಿನ ಮುಂಜಾನೆ. ‘ನಿಮ್ಮ ತವರೂರು ಅತ್ತಿ, ನಾನೂ ಬರ್ತೇನಿ,’ ಎಂದು ದಾಕ್ಷಾಯಿಣಿ ಹಟ ಹಿಡಿದು ಜೊತೆಗೆ ಬಂದಳು. ಬಾಗೇವಾಡಿಯ ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ ಎತ್ತರವಲ್ಲದ ಕಟ್ಟೆ, ಅದರ ಮೇಲೆ ಬಿಸಿಲಿಗೆ ಹೊಳೆಯುವ ಕಂಚಿನ ಮೋಟಾರು. ಗಾಲಿಯ ಒಂದೊಂದು ಕಡ್ಡಿಯೂ ಬಿಡಿಬಿಡಿಯಾಗಿತ್ತು. ಟೋಪಿ ತೊಟ್ಟು ಬಾಗಿಲು ಹಿಡಿದು ನಿಂತ ಬಾಬಾಸಾಹೇಬರು ‘ಲಗು ಹತ್ತವಾ ತಂಗಿ’ ಎನ್ನುವಂತಿದ್ದರು. ಮಹಾದೇವಕ್ಕ ನೋಡಿದ್ದು ಯಲ್ಲಾರಿಯನ್ನು. ತಲೆಗೆ ರುಮಾಲು ಸುತ್ತಿ, ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈ ಹಾರ್ನಿನ ಬುಡ್ಡಿಯ ಮೇಲೆ. ಮೂರ್ತಿ ಮಾಡಿದ ಗೋಕಾಕದ ಮುರಿಗೆಪ್ಪನಿಗೆ ಕಾಕಾ ಬದುಕಿರುವಾಗಲೇ ಹೇಳಿ ಹಾಗೆ ಮಾಡಿಸಿದ್ದನಂತೆ. ಯಾಕೆಂದು ಮಾತ್ರ ಹೇಳಿರಲಿಲ್ಲ.

ಖಂಡೇಪೂಜೆಯ ದಿನ ಎದುರಿಗೆ ಗಾಡಿ ನಿಂತಿದ್ದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಅದು ಕಂಚಿನದಾದರೇನು? ಯಾರೋ ವಿಭೂತಿ ಬಳಿದರು, ಯಾರೋ ಚೆಂಡುಹೂವಿನ ಮಾಲೆ ಹಾಕಿದರು. ಟ್ರ್ಯಾಕ್ಟರಿನ ಬಸವಣ್ಣೆಪ್ಪ ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಇಟ್ಟ ಮೇಲೆ ಗಾಡಿ ಅದನ್ನು ತುಳಿದು ಮುಂದೆ ಹೋಗಬೇಕು. ಈ ಗಾಡಿ ಹೋಗುವಂಥದ್ದಲ್ಲ. ಸ್ವಲ್ಪ ಹೊತ್ತು ಎಲ್ಲರೂ ಗಲ್ಲಕ್ಕೆ ಕೈಹಚ್ಚಿ ನಿಂತರು. ಕೊನೆಗೆ ಬಸವಣ್ಣೆಪ್ಪನೇ ಚಪ್ಪಲಿ ಕಳಚಿ, ಮೋಟಾರಿನ ಪರವಾಗಿ ನಾಲ್ಕೂ ಹಣ್ಣನ್ನು ಹಿಮ್ಮಡಿಯಿಂದ ಒಡೆದ.

ಅಷ್ಟರಲ್ಲಿ ಅವನ ಕಣ್ಣು ಹಿಂದಿನ ನಂಬರ್ ಪ್ಲೇಟಿಗೆ ಬಿತ್ತು. ‘ಏ ಮುರಿಗೆಪ್ಪಣ್ಣಾ, ನಂಬರ ಎಲ್ಲೈತಿ?’

‘ಯಾರಿಗೂ ನೆನಪಿಲ್ಲೋ. ಸುಳ್ಳ ನಂಬರ್ ಹಾಕಾಕ ನನಗ ಮನಸಿಲ್ಲ. ಅದಕ್ಕ ಹಂಗ ಬಿಟ್ಟೇನಿ.’

‘ಕೆಎ ನಲವತ್ತೊಂಬತ್ತು ಅಂತ ಹಾಕ್ರಿ,’ ಎಂದರು ಯಾರೋ.

‘ಅವಾಗ ನಾವು ಮುಂಬೈ ರಾಜ್ಯದಾಗ ಇದ್ವು, ಕೆಎ ಎಲ್ಲಿಂದ ಬರಬೇಕು?’

‘ಹಂಗಾರ ಹೆಸರರೆ ಬರೀರಿ. ನನ್ನ ಟ್ರ್ಯಾಕ್ಟರಿಗೂ ಹೆಸರೈತಿ, ಇದಕ್ಕಿಲ್ಲಂದ್ರ ಹ್ಯಾಂಗ?’ ಎಂದ ಬಸವಣ್ಣೆಪ್ಪ. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಒಬ್ಬರು ‘ಅವ್ವನ ಆಶೀರ್ವಾದ’ ಎಂದರು, ಇನ್ನೊಬ್ಬರು ‘ಬೆಲ್ಲದ ರಾಣಿ’ ಎಂದರು. ಗದ್ದಲ ಏರಿತು. ಮುರಿಗೆಪ್ಪ ಚೀಲದಿಂದ ಉಳಿ ಸುತ್ತಿಗೆ ತೆಗೆದು, ‘ಒಂದ ಹೆಸರ ಹೇಳ್ರಿ,’ ಎಂದು ಕಾದು ನಿಂತ.

ಮಹಾದೇವಕ್ಕ ಸೊಸೆಯ ಕಡೆ ನೋಡಿದಳು. ಆಮೇಲೆ ಹಾರ್ನಿನ ಮೇಲಿದ್ದ ಕೈಯನ್ನು ನೋಡಿದಳು. 

‘ಮೋಟಾರವ್ವ ಅಂತ ಬರಿಯಪ್ಪಾ.’

ದನಿ ತಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಗದ್ದಲ ನಿಂತಿತು. ಅರಿಹಂತ ತಿರುಗಿ ನೋಡಿ, ಕೈಮುಗಿದು ಹಿಂದೆ ಸರಿದ.

‘ಯಾರ್ರೀ ಅತ್ತಿ ಮೋಟಾರವ್ವ?’ ಎಂದಳು ದಾಕ್ಷಾಯಿಣಿ.

‘ನಾ.’

ದಾಕ್ಷಾಯಿಣಿ ಕಣ್ಣರಳಿಸಿದಳು. ತುಟಿ ಕಚ್ಚಿದಳು. ತಡೆಯಲಾಗಲಿಲ್ಲ, ನಕ್ಕೇಬಿಟ್ಟಳು. ನಕ್ಕು ನಕ್ಕು ಮೂರ್ತಿಯ ಕಟ್ಟೆಯ ಅಂಚಿಗೆ ಕೂತಳು. ಸುತ್ತಲಿದ್ದವರೂ ನಕ್ಕರು. ಐವತ್ತೈದು ವರ್ಷ ಯಾವುದಕ್ಕೆ ಹೆದರಿದ್ದಳೋ ಅದು ಕಣ್ಣೆದುರು ನಡೆದುಹೋಯಿತು, ಮಹಾದೇವಕ್ಕನಿಗೆ ಏನೂ ಆಗಲಿಲ್ಲ. ಹೊಟ್ಟೆಯೊಳಗಿಂದ ಅವಳಿಗೂ ನಗು ಬಂತು. ನಗುತ್ತಲೇ ಧುಪದಾಳದ ಕಥೆ ಹೇಳಿದಳು. ಹೇಳುತ್ತ ಹೇಳುತ್ತ ನಕ್ಕವರ ದನಿ ಒಂದೊಂದೇ ಅಡಗಿತು. ‘ಮೋಟಾರ ಕರೀತು, ನನ್ನ ಮಗಳು ಓ ಅಂದ್ಲು’ ಎಂಬಲ್ಲಿಗೆ ಬಂದಾಗ ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

‘ಇಷ್ಟ ವರ್ಷ ನನಗ ಯಾಕ ಹೇಳ್ಲಿಲ್ಲ ಅತ್ತಿ?’

‘ನೀ ನಗತಿ ಅಂತ.’

‘ನಕ್ಕೆ. ಆತು. ಇನ್ನೇನೈತಿ?’ ಎಂದು ಸೊಸೆ ಅವಳ ಕೈ ಹಿಡಿದುಕೊಂಡಳು.

ಮುರಿಗೆಪ್ಪ ಪ್ಲೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸುಣ್ಣದ ಕಡ್ಡಿಯಿಂದ ಅಕ್ಷರ ಗುರುತು ಮಾಡಿಕೊಂಡ. ಮಧ್ಯಾಹ್ನದ ಊಟದ ಹೊತ್ತಿಗೆ ಕೆತ್ತನೆ ಮುಗಿಯಿತು. ನಾಲ್ಕೇ ಅಕ್ಷರ. ಮಹಾದೇವಕ್ಕ ಬೆರಳಾಡಿಸಿ ನೋಡಿದಳು, ಹೊಸದಾಗಿ ಕಡಿದ ಕಂಚು ಇನ್ನೂ ಬೆಚ್ಚಗಿತ್ತು.

ಈ ವರ್ಷದ ಪಂಚಮಿಗೆ ಅವಳನ್ನು ಕರೆಯಲು ಯಾರೂ ಬರಲಿಲ್ಲ, ಬರುವವರೂ ಇರಲಿಲ್ಲ. ‘ಅದಕ್ಕೇನು, ನಾನ ಹೋಗಿ ಬರ್ತೇನಿ,’ ಎಂದು ಹಟಮಾಡಿ ಒಬ್ಬಳೇ ಬಸ್ಸು ಹತ್ತಿದಳು. ಗೋಕಾಕ ದಾಟಿತು, ಧುಪದಾಳ ಹಿಂದಾಯಿತು. ಪಕ್ಕದಲ್ಲಿ ಕೂತವಳು ಯಾರೋ ಗುರುತಿಲ್ಲದ ಹೆಂಗಸು, ಕಿವಿಗೆ ಫೋನು ಹಿಡಿದು ಮಾತಾಡುತ್ತಿದ್ದಳು. ಮಹಾದೇವಕ್ಕ ಉಂಡಿಯ ಚೀಲವನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದಳು. ‘ಹಾಂ, ಇನ್ನ ನೀ’ ಎನ್ನುವ ಆ ದನಿ ಇಲ್ಲದೆ ತವರಿಗೆ ಹೋಗುವುದು ಹೇಗೆಂದು ತಿಳಿಯದೆ ಹಾಗೆಯೇ ಜೊಂಪು ಹತ್ತಿತು.

‘ಮೋಟಾರವ್ವಾ!’

ಯಾರೋ ಗಟ್ಟಿಯಾಗಿ ಕರೆದರು.

‘ಮೋಟಾರವ್ವಾ! ಮೋಟಾರವ್ವಾ!’

‘ಓ!’ ಎಂದು ಅವಳು ದಡಬಡಿಸಿ ಎದ್ದು ನಿಂತಳು.

ಇಡೀ ಬಸ್ಸು ತಿರುಗಿ ನೋಡಿತು. ಬಾಗಿಲಲ್ಲಿ ಟಿಕೇಟಿನ ಮಶೀನು ಹಿಡಿದ ಕಂಡಕ್ಟರ್ ನಿಂತಿದ್ದ. ಅವನ ಹಿಂದೆ, ಬಿಸಿಲಲ್ಲಿ, ಕಂಚಿನ ಮೋಟಾರು.

‘ನಿಮಗಲ್ರೀ ಆಯಿ,’ ಎಂದ ಅವನು ನಗುತ್ತ. ‘ಇದು ಸ್ಟಾಪಿನ ಹೆಸರು. ಎಲ್ಲಾರೂ ಈಗ ಹಂಗ ಅಂತಾರ. ಇಳಿಯಾವ್ರ ಅದೀರೇನು?’

‘ನನಗ ಕರದಿ,’ ಎಂದಳು ಮೋಟಾರವ್ವ. ಚೀಲ ಹಿಡಿದು, ಸೀಟಿಗೆ ಸೀಟಿಗೆ ಕೈಕೊಟ್ಟು ಬಾಗಿಲಿಗೆ ಬಂದಳು. ಮೆಟ್ಟಿಲಿಳಿದು ನೆಲ ಮುಟ್ಟಿದ ಮೇಲೆ ತಿರುಗಿ ನಿಂತಳು.

‘ತಮ್ಮಾ, ಇನ್ನೊಮ್ಮೆ ಕರಿ.’